ಹ್ಯಾಚ್‌ಬ್ಯಾಕ್ ಕಾರಿನ ಡಿಕ್ಕಿ ಡೋರ್ ಮನೆಯಲ್ಲೇ ಬದಲಾಯಿಸಬೇಕು, ಎಲ್ಲಿಂದ ಶುರು ಮಾಡಲಿ?

ನೀಲಿಹ್ಯಾಚ್

ಎಲ್ಲರಿಗೂ ನಮಸ್ಕಾರ. ನಿಲ್ಲಿಸಿದ್ದ ನಮ್ಮ ಕಾರಿಗೆ ಯಾರೋ ಹಿಂದಿನಿಂದ ಗುದ್ದಿ ಹೋಗಿದ್ದಾರೆ. ಡಿಕ್ಕಿ ಡೋರಿನ ಕೆಳಭಾಗ ಒಳಕ್ಕೆ ಕುಸಿದಿದೆ, ನಂಬರ್ ಪ್ಲೇಟ್ ಕೂರುವ ಜಾಗ ಮಡಚಿಕೊಂಡಿದೆ, ಲಾಕಿನ ಪಕ್ಕ ತಗಡು ಸೀಳಿದೆ. ಗಾಜಿಗೆ ಏನೂ ಆಗಿಲ್ಲ. ಬಾಗಿಲು ಮುಚ್ಚುತ್ತದೆ, ಆದರೆ ಜೋರಾಗಿ ಬಡಿಯಬೇಕು. ಮುಚ್ಚಿದ ಮೇಲೂ ಬಲಗಡೆಯ ಕೆಳಮೂಲೆಯಲ್ಲಿ ಬೆರಳು ತೂರುವಷ್ಟು ಸಂದು ಉಳಿಯುತ್ತದೆ. ಟಿಂಕರಿಂಗ್ ಮಾಡುವವರು ನೋಡಿ, ಒಳಗಿನ ತಗಡೂ ಮಡಚಿದೆ, ಬಡಿದು ಸರಿಮಾಡುವುದಕ್ಕಿಂತ ಬೇರೆ ಡೋರ್ ಹಾಕುವುದೇ ಒಳ್ಳೆಯದು ಎಂದರು.

ಗುಜರಿಯಲ್ಲಿ ಅದೇ ಮಾಡೆಲ್, ಅದೇ ಬಣ್ಣದ ಡೋರ್ ಒಂದು ನೋಡಿಟ್ಟಿದ್ದೇನೆ, ಗಾಜು ಮತ್ತು ವೈಪರ್ ಮೋಟಾರ್ ಸಮೇತ. ನಾನೂ ನನ್ನ ತಮ್ಮನೂ ಸೇರಿ ಮನೆಯಲ್ಲೇ ಹಾಕಬೇಕೆಂದಿದ್ದೇವೆ. ಆಯಿಲ್ ಬದಲಾಯಿಸುವುದು, ಬ್ರೇಕ್ ಪ್ಯಾಡ್ ಹಾಕುವುದು ಎಲ್ಲ ನಾವೇ ಮಾಡಿಕೊಳ್ಳುತ್ತೇವೆ, ಬಾಡಿ ಕೆಲಸ ಮಾತ್ರ ಇದೇ ಮೊದಲು. ತಮ್ಮನ ಲೆಕ್ಕದಲ್ಲಿ ಹಿಂಜಿನ ನಾಲ್ಕು ಬೋಲ್ಟು, ಡೋರನ್ನು ಎತ್ತಿ ಹಿಡಿಯುವ ಎರಡು ಶಾಕರ್, ಒಂದಿಷ್ಟು ವೈರು, ಮುಗಿಯಿತು. ನಿಜವಾಗಿಯೂ ಅಷ್ಟೇನಾ? ಡೋರ್ ತರುವ ಮೊದಲು ಏನೇನು ನೋಡಿಕೊಳ್ಳಬೇಕು?

ತಗಡುಕೆಲಸ

ಡೋರ್ ತರುವ ಮೊದಲು ಅಳತೆ ಟೇಪ್ ಕೈಗೆ ತೆಗೆದುಕೊಳ್ಳಿ. ಬಿಚ್ಚಿ ಹಾಕುವ ಮಟ್ಟಿಗೆ ನಿಮ್ಮ ತಮ್ಮ ಹೇಳಿದ್ದು ಸರಿಯೇ. ಆದರೆ ಡೋರ್ ಕೂರಬೇಕಾದ ಚೌಕಟ್ಟು ಹೇಗಿದೆ ಎಂದು ಯಾರೂ ನೋಡಿಲ್ಲವಲ್ಲ. ಬಾಗಿಲವಾಡ ಓರೆಯಾದ ಮನೆಗೆ ಎಷ್ಟು ಒಳ್ಳೆಯ ಬಾಗಿಲು ತಂದರೂ ಕೂರುವುದಿಲ್ಲ, ಇಲ್ಲೂ ಹಾಗೆಯೇ. ನಿಮ್ಮ ಬಲಮೂಲೆಯ ಸಂದು ಡೋರ್ ಮಡಚಿದ್ದರಿಂದ ಬಂದದ್ದೋ, ಕಾರಿನ ಹಿಂಬದಿಯೇ ಸರಿದು ಬಂದದ್ದೋ ಗೊತ್ತಾಗದೆ ದುಡ್ಡು ಹಾಕಬೇಡಿ.

ಡೋರ್ ಪೂರ್ತಿ ಮೇಲೆತ್ತಿ, ಚೌಕಟ್ಟಿನ ಅಂಚಿನ ರಬ್ಬರ್ ಬೀಡಿಂಗ್ ಕಿತ್ತು ಪಕ್ಕಕ್ಕಿಡಿ. ಎಡ ಮೇಲ್ಮೂಲೆಯಿಂದ ಬಲ ಕೆಳಮೂಲೆಗೆ, ಬಲ ಮೇಲ್ಮೂಲೆಯಿಂದ ಎಡ ಕೆಳಮೂಲೆಗೆ, ಎರಡೂ ಕರ್ಣಗಳನ್ನು ಅಳೆಯಿರಿ. ಕಣ್ಣಂದಾಜಿನ ಮೂಲೆ ಬೇಡ. ಹಿಂಜಿನ ಬೋಲ್ಟು, ಟೈಲ್ ಲ್ಯಾಂಪ್ ಸ್ಕ್ರೂ ತೂತು ಹೀಗೆ ಎರಡೂ ಬದಿಗೆ ಒಂದೇ ಥರ ಇರುವ ಗುರುತಿನಿಂದ ಅಳೆಯಬೇಕು. ಎರಡರ ನಡುವೆ 2–3 ಎಂಎಂ ವ್ಯತ್ಯಾಸವಿದ್ದರೆ ಹಿಂಜ್ ಹೊಂದಿಸುವುದರಲ್ಲೇ ಸರಿಹೋಗುತ್ತದೆ. ಸೆಂಟಿಮೀಟರ್ ಹತ್ತಿರ ಬಂದರೆ ಅದು ಜಿಗ್ ಮೇಲೆ, ಅಂದರೆ ಕಾರಿನ ಬಾಡಿಯನ್ನು ಬಿಗಿದು ನೇರ ಮಾಡುವ ಗ್ಯಾರೇಜಿನ ಚೌಕಟ್ಟಿನ ಮೇಲೆ, ಹಾಕಿ ಎಳೆಯುವ ಕೆಲಸ, ಮನೆಯದಲ್ಲ.

ಆಮೇಲೆ ಡಿಕ್ಕಿಯ ಕಾರ್ಪೆಟ್ ಎತ್ತಿ. ಸ್ಟೆಪ್ನಿ ಕೂರುವ ಗುಂಡಿಯ ಸುತ್ತ ತಗಡಿನಲ್ಲಿ ಅಲೆ ಎದ್ದಿದೆಯಾ, ಜೋಡಣೆಗಳ ಮೇಲೆ ಬಳಿದ ಸೀಲರ್ ಬಿರುಕು ಬಿಟ್ಟಿದೆಯಾ, ಲಾಕ್ ಬಂದು ಕಚ್ಚುವ ಕೊಂಡಿ, ಅದೇ ಸ್ಟ್ರೈಕರ್, ಅದರ ಸುತ್ತಲಿನ ತಗಡು ಒಳಕ್ಕೆ ಹೋಗಿದೆಯಾ ನೋಡಿ. ಹಿಂದಿನ ಪ್ಯಾಸೆಂಜರ್ ಡೋರುಗಳ ಸಂದೂ ಎರಡೂ ಕಡೆ ಒಂದೇ ಸಮ ಇರಬೇಕು. ಡಿಕ್ಕಿಗೆ ಬಿದ್ದ ಏಟು ಅಲ್ಲಿಯವರೆಗೆ ಮುಟ್ಟಿದ್ದರೆ ಆ ಸಂದು ಹೇಳುತ್ತದೆ.

ಪಾನಾ13

ಮೇಲಿನವರ ಮಾತು ನೂರಕ್ಕೆ ನೂರು ಸರಿ. ಗುಜರಿಯ ಡೋರಿನಲ್ಲಿ ನೋಡಬೇಕಾದದ್ದು ನಾನು ಸೇರಿಸುತ್ತೇನೆ.

ಮಾಡೆಲ್ ಒಂದೇ ಆದರೂ ಫೇಸ್‌ಲಿಫ್ಟ್‌ಗೆ, ಅಂದರೆ ಕಂಪನಿ ಅದರ ಹೊರರೂಪ ಬದಲಿಸುವುದಕ್ಕೆ, ಮೊದಲು, ಆಮೇಲೆ ಎಂದು ಡೋರುಗಳು ಬೇರೆಯಾಗುತ್ತವೆ. ನಂಬರ್ ಪ್ಲೇಟಿನ ಗುಂಡಿ, ಟೈಲ್ ಲ್ಯಾಂಪಿನ ಅಂಚು, ಸ್ಪಾಯ್ಲರಿನ ತೂತು ಹೋಲಿಸಿ. ಕಡಿಮೆ ಬೆಲೆಯ ಆವೃತ್ತಿಯ ಡೋರಿನಲ್ಲಿ ವೈಪರಿಗೆ ತೂತೇ ಇರುವುದಿಲ್ಲ, ಗಾಜಿನಲ್ಲಿ ಬಿಸಿಯಾಗಿ ಮಂಜು ಹೋಗಿಸುವ ಡಿಫಾಗರ್ ಗೆರೆಯೂ ಇರುವುದಿಲ್ಲ. ನಿಮ್ಮ ಡೋರಿನ ಫೋಟೋ ಒಳಗೂ ಹೊರಗೂ ತೆಗೆದುಕೊಂಡು ಹೋಗಿ, ಪಕ್ಕದಲ್ಲಿಟ್ಟು ನೋಡಿ.

ತುಕ್ಕು ಹಿಡಿಯುವ ಜಾಗ ಮೂರು: ಕೆಳಗಿನ ಮಡಿಕೆ, ನಂಬರ್ ಪ್ಲೇಟ್ ಲೈಟಿನ ಸುತ್ತ, ವೈಪರಿನ ದಂಡ ಹೊರಬರುವ ತೂತಿನ ಸುತ್ತ. ಒಳಗಿನ ಪ್ಲಾಸ್ಟಿಕ್ ಹಲಗೆ ತೆಗೆಸಿ ಟಾರ್ಚ್ ಹಾಕಿ ನೋಡಿ. ಹೊಸದಾಗಿ ಬಣ್ಣ ಹೊಡೆದದ್ದಾದರೆ ಪುಟ್ಟಿ ಎಷ್ಟಿದೆ ನೋಡಬೇಕು. ಮೆತ್ತನೆ ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತ ಆಡಿಸಿದರೆ ಪುಟ್ಟಿ ದಪ್ಪ ಇರುವಲ್ಲಿ ಹಿಡಿತ ಸಡಿಲವಾಗುತ್ತದೆ. ಕೆಲವು ಕಾರುಗಳ ಡೋರ್ ಪ್ಲಾಸ್ಟಿಕ್ ಮಿಶ್ರಣದ್ದು, ಅದಕ್ಕೆ ಈ ಪರೀಕ್ಷೆ ನಡೆಯುವುದಿಲ್ಲ.

ರಸೀದಿ ಕೇಳಿ ಪಡೆಯಿರಿ. ಕದ್ದ ಕಾರಿನ ಭಾಗ ಮನೆಗೆ ಬರಬಾರದು.

ಹಳೇಗಾಡಿ

ಇದಕ್ಕೆಲ್ಲ ಇಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ ಅನ್ನಿಸುತ್ತದೆ. ಡೋರ್ ಸಿಗುವವರೆಗೆ ಹಗ್ಗ ಕಟ್ಟಿಕೊಂಡು ಓಡಿಸಿ. ಹಿಂದೆ ಉದ್ದದ ಸಾಮಾನು ಹಾಕಿಕೊಂಡು ಡಿಕ್ಕಿ ಅರ್ಧ ತೆರೆದೇ ಎಷ್ಟೋ ದೂರ ಹೋಗಿದ್ದೇವೆ.

ಮಳೆನೀರು

ಹಳೇಗಾಡಿ ಅವರೇ, ದಯವಿಟ್ಟು ಈ ಸಲಹೆ ಯಾರಿಗೂ ಕೊಡಬೇಡಿ. ನೀಲಿಹ್ಯಾಚ್ ಅವರೇ, ಬೆರಳು ತೂರುವ ಸಂದು ಇಟ್ಟುಕೊಂಡು ಆ ಕಾರಿನಲ್ಲಿ ಮನೆಯವರನ್ನು ಕೂರಿಸಿಕೊಂಡು ಹೋಗಬೇಡಿ. ನಾನು ಈ ಚರ್ಚೆಗೆ ಬಂದದ್ದೇ ಇದನ್ನು ಹೇಳಲು.

ಹ್ಯಾಚ್‌ಬ್ಯಾಕಿನ ಹಿಂಭಾಗ ಥಟ್ಟನೆ ಕತ್ತರಿಸಿದಂತೆ ನಿಲ್ಲುತ್ತದೆ. ಕಾರು ಓಡುವಾಗ ಆ ಗೋಡೆಯ ಹಿಂದೆ ಗಾಳಿಯ ಒತ್ತಡ ಕಡಿಮೆಯಾಗಿ ಸುಳಿ ಏಳುತ್ತದೆ. ಚಕ್ರ ಎಬ್ಬಿಸಿದ ಧೂಳು, ಕೆಸರು ಹಿಂದಿನ ಗಾಜಿಗೆ ಬಂದು ಮೆತ್ತಿಕೊಳ್ಳುವುದು ಅದರಿಂದಲೇ, ಹ್ಯಾಚ್‌ಬ್ಯಾಕುಗಳಿಗೆ ಹಿಂದೆಯೂ ವೈಪರ್ ಬೇಕಾಗುವುದು ಅದಕ್ಕೇ. ಸೈಲೆನ್ಸರಿನ ಹೊಗೆಯೂ ಅದೇ ಸುಳಿಯಲ್ಲಿ ತಿರುಗುತ್ತಿರುತ್ತದೆ. ಡೋರ್ ಸರಿಯಾಗಿ ಮುಚ್ಚದಿದ್ದರೆ ಆ ಹೊಗೆ ಸಂದಿನಿಂದ ಒಳಗೆ ನುಗ್ಗುತ್ತದೆ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಅದು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಅಂಟಿಕೊಳ್ಳುತ್ತದೆ. ತಲೆನೋವು, ಮಂಪರು, ವಾಕರಿಕೆ. ಹಿಂದಿನ ಸೀಟಿನಲ್ಲಿ ಮಲಗಿದ ಮಗು ನಿದ್ದೆ ಮಾಡುತ್ತಿದೆ ಎಂದೇ ನಾವು ಅಂದುಕೊಳ್ಳುತ್ತೇವೆ.

ಪೆಟ್ರೋಲ್ ಕಾರಿನಲ್ಲಿ ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಇದೆಯಲ್ಲ ಎನ್ನಬಹುದು. ಅದು ಬಿಸಿಯಾಗುವವರೆಗೆ, ಅಂದರೆ ತಣ್ಣಗಿನ ಇಂಜಿನ್ ಚಾಲೂ ಮಾಡಿದ ಮೊದಲ ಹೊತ್ತಿನಲ್ಲಿ, ಕೆಲಸ ಮಾಡುವುದು ತೀರಾ ಕಡಿಮೆ.

ಇನ್ನೊಂದು ವಿಷಯ, ಇದನ್ನು ಬಹಳ ಜನ ನೋಡುವುದೇ ಇಲ್ಲ. ಹಿಂದಿನ ಬಂಪರಿನ ಹಿಂದೆ, ಸಾಮಾನ್ಯವಾಗಿ ಎರಡು ಮೂಲೆಗಳಲ್ಲಿ, ಕಾರಿನ ಒಳಗಾಳಿ ಹೊರಹೋಗುವ ಕಿಂಡಿಗಳಿರುತ್ತವೆ. ಅವಕ್ಕೆ ಹೊರಕ್ಕೆ ಮಾತ್ರ ತೆರೆಯುವ ತೆಳು ರಬ್ಬರ್ ಪಟ್ಟಿಗಳಿರುತ್ತವೆ. ಹಿಂದಿನಿಂದ ಗುದ್ದಿದ ಕಾರಿನಲ್ಲಿ ಆ ಕಿಂಡಿಯ ಪ್ಲಾಸ್ಟಿಕ್ ಚೌಕಟ್ಟು ಜಾಗ ಬಿಟ್ಟು ಕಳಚಿರಬಹುದು. ಆಗ ಹೊಸ ಡೋರ್ ಎಷ್ಟು ಚೆನ್ನಾಗಿ ಕೂತರೂ ಹೊಗೆಗೆ ದಾರಿ ಉಳಿದೇ ಇರುತ್ತದೆ. ಡಿಕ್ಕಿಯ ಪಕ್ಕದ ಟ್ರಿಮ್ ತೆಗೆದು ಕೈ ಹಾಕಿ ಮುಟ್ಟಿ ನೋಡಿ.

ಹಳೇಗಾಡಿ

ನೀವು ಹೇಳಿದ ಮೇಲೆ ಒಪ್ಪಿದೆ. ಅರ್ಧ ತೆರೆದ ಡಿಕ್ಕಿಯಲ್ಲಿ ಹೋದಾಗ ಕಾರಿನೊಳಗೆ ಹೊಗೆ ವಾಸನೆ ಬರುತ್ತಿದ್ದದ್ದು ನಿಜ. ನೀಲಿಹ್ಯಾಚ್, ಕಾರು ನಿಲ್ಲಿಸಿಡಿ.

ನೀಲಿಹ್ಯಾಚ್

ಮಳೆನೀರು ಅವರೇ, ಬಹಳ ಉಪಕಾರವಾಯಿತು. ಈ ಕೋನ ನನಗೆ ಹೊಳೆದೇ ಇರಲಿಲ್ಲ. ಕಾರು ಅಂದಿನಿಂದಲೇ ನಿಂತಿದೆ.

ಕರ್ಣ ಅಳೆದೆವು, ಎರಡರ ನಡುವೆ 3 ಎಂಎಂ ವ್ಯತ್ಯಾಸ. ಸ್ಟೆಪ್ನಿ ಗುಂಡಿಯಲ್ಲಿ ಅಲೆ ಇಲ್ಲ, ಸೀಲರ್ ಎಲ್ಲೂ ಬಿರಿದಿಲ್ಲ, ಪ್ಯಾಸೆಂಜರ್ ಡೋರುಗಳ ಸಂದು ಸಮ ಇದೆ. ಸ್ಟ್ರೈಕರಿನ ಕೆಳಗಿನ ತಗಡು ಮಾತ್ರ ಒಂಚೂರು ಒಳಕ್ಕೆ ಬಾಗಿದೆ. ಬಲಗಡೆಯ ಗಾಳಿ ಕಿಂಡಿ ನಿಜಕ್ಕೂ ಒಂದು ಕೊಕ್ಕೆ ಬಿಟ್ಟು ನೇತಾಡುತ್ತಿತ್ತು, ಒತ್ತಿದ ಕೂಡಲೇ ಕೂತಿತು.

ಗುಜರಿಯ ಡೋರ್ ತುಕ್ಕಿಲ್ಲದ್ದು, ತೂತುಗಳೆಲ್ಲ ನಮ್ಮದರಂತೆಯೇ. ಆದರೆ ಅದರ ವೈರಿಂಗನ್ನು ಯಾರೋ ಹಿಂಜಿನ ಹತ್ತಿರ ಕತ್ತರಿಸಿದ್ದಾರೆ, ಒಳಗಿನ ಭಾಗ ಮಾತ್ರ ಉಳಿದಿದೆ. ಏನು ಮಾಡುವುದು?

ತಂತಿಜಾಲ

ಏನೂ ತೊಂದರೆಯಿಲ್ಲ, ನಿಮ್ಮ ಕಾರಿನ ವೈರಿಂಗನ್ನೇ ಹೊಸ ಡೋರಿಗೆ ದಾಟಿಸಿ. ಕತ್ತರಿಸಿದ ವೈರಿಗೆ ವೈರು ತಿರುಚಿ ಟೇಪ್ ಸುತ್ತುವ ಕೆಲಸ ಮಾತ್ರ ಬೇಡ. ಆ ಜಾಗದಲ್ಲಿ ಡೋರ್ ತೆರೆದಾಗೆಲ್ಲ ವೈರು ಮಡಚಿ ಬಿಚ್ಚಿಕೊಳ್ಳುತ್ತದೆ, ಗಂಟು ಹಾಕಿದ ಕಡೆಯೇ ಮುರಿಯುತ್ತದೆ.

ಮೊದಲು ಬ್ಯಾಟರಿಯ ನೆಗೆಟಿವ್ ಟರ್ಮಿನಲ್ ಬಿಚ್ಚಿ. ಅದಕ್ಕೂ ಮೊದಲು ಡಿಕ್ಕಿ ತೆರೆದಿರಲಿ, ಬೀಗದ ಕೈ ನಿಮ್ಮ ಜೇಬಿನಲ್ಲಿರಲಿ. ಈಗಿನ ಬಹಳಷ್ಟು ಕಾರುಗಳಲ್ಲಿ ಡಿಕ್ಕಿಯ ಲಾಕ್ ಕರೆಂಟಿನಿಂದಲೇ ಬಿಡುವುದು. ಬ್ಯಾಟರಿ ಬಿಚ್ಚಿದ ಮೇಲೆ ಮುಚ್ಚಿಕೊಂಡರೆ ಹಿಂದಿನ ಸೀಟು ಮಡಚಿ ಒಳಗಿನಿಂದ ಲಾಕಿನ ತುರ್ತು ಲೀವರ್ ಹುಡುಕಬೇಕಾಗುತ್ತದೆ. ರೂಫಿನ ಅಂಚಿನಲ್ಲಿ ಅಡಗಿರುವ ಕರ್ಟನ್ ಏರ್‌ಬ್ಯಾಗ್ ಇರುವ ಕಾರಾದರೆ ಬ್ಯಾಟರಿ ಬಿಚ್ಚಿ ಸ್ವಲ್ಪ ಹೊತ್ತು ಬಿಟ್ಟು, ಕಾರಿನ ಕೈಪಿಡಿಯಲ್ಲಿ ಹೇಳಿದಷ್ಟು ಕಾದು, ಆಮೇಲೆಯೇ ರೂಫಿನ ಬಟ್ಟೆಗೆ ಕೈ ಹಾಕಿ. ಕೆಲವು ಕಾರುಗಳಲ್ಲಿ ಅದರ ಗ್ಯಾಸ್ ಸಿಲಿಂಡರ್ ಹಿಂದಿನ ಕಂಬದ ಹತ್ತಿರವೇ ಇರುತ್ತದೆ.

ಒಳ ಹಲಗೆಯ ಸ್ಕ್ರೂಗಳು ಹಿಡಿಕೆಯ ಗುಂಡಿಯೊಳಗೆ ಅಡಗಿರುತ್ತವೆ. ಉಳಿದದ್ದೆಲ್ಲ ಪ್ಲಾಸ್ಟಿಕ್ ಕ್ಲಿಪ್. ಕ್ಲಿಪ್ ಇರುವ ಜಾಗಕ್ಕೆ ಹತ್ತಿರದಲ್ಲೇ ಮೀಟಬೇಕು, ದೂರದಿಂದ ಎಳೆದರೆ ಹಲಗೆ ಸೀಳುತ್ತದೆ. ಚಳಿಯಲ್ಲಿ ಕ್ಲಿಪ್ ಪೆಡಸಾಗಿರುತ್ತದೆ, ಬಿಸಿಲು ಬಿದ್ದ ಮೇಲೆ ಮಾಡಿ. ಹಲಗೆ ಬಂದ ಕೂಡಲೇ ಫೋಟೋ ತೆಗೆಯಿರಿ. ಯಾವ ವೈರು ಯಾವ ಕೊಕ್ಕೆಯ ಹಿಂದೆ ಹೋಗಿದೆ ಎನ್ನುವುದು ವೈಪರ್ ಮೋಟಾರಿನ ತೋಳಿಗೆ ವೈರು ಸಿಕ್ಕಿಕೊಳ್ಳದಿರಲು ಮುಖ್ಯ.

ಬಿಡಿಸಬೇಕಾದ ಕಪ್ಲರ್‌ಗಳು, ಅಂದರೆ ವೈರಿನ ತುದಿಯ ಪ್ಲಗ್ಗುಗಳು, ಯಾವುವೆಂದರೆ: ವೈಪರ್ ಮೋಟಾರ್, ಲಾಕ್, ನಂಬರ್ ಪ್ಲೇಟ್ ಲೈಟು, ಮೇಲಿನ ಬ್ರೇಕ್ ಲೈಟು, ಡಿಫಾಗರಿನ ಎರಡು ದಪ್ಪ ವೈರು, ಕ್ಯಾಮೆರಾ ಇದ್ದರೆ ಅದು. ಡಿಫಾಗರಿನ ತಾಮ್ರದ ಚಪ್ಪಟೆ ತುದಿ ಗಾಜಿಗೆ ಬೆಸುಗೆಯಾಗಿರುತ್ತದೆ. ಅದನ್ನು ಎಳೆಯುವಾಗ ಒಂದು ಕೈಯಲ್ಲಿ ತುದಿಯನ್ನು ಗಾಜಿಗೆ ಒತ್ತಿ ಹಿಡಿದು ಇನ್ನೊಂದರಲ್ಲಿ ಕಪ್ಲರ್ ಬಿಡಿಸಿ. ಕಿತ್ತು ಬಂದರೆ ಮತ್ತೆ ಅಂಟಿಸುವುದು ನಾಜೂಕಿನ ಕೆಲಸ. ಇದೆಲ್ಲದರ ಜೊತೆ ಗಾಜು ತೊಳೆಯುವ ನೀರಿನ ಸಣ್ಣ ಪೈಪೂ ಅದೇ ದಾರಿಯಲ್ಲಿ ಬರುತ್ತದೆ, ಅದರ ಬಾಯಿಗೆ ಟೇಪ್ ಸುತ್ತಿ.

ಈಗ ನಿಮ್ಮ ಪ್ರಶ್ನೆಗೆ ಬರುತ್ತೇನೆ. ಹೊಸ ಡೋರಿನಲ್ಲಿ ಉಳಿದಿರುವ ಕತ್ತರಿಸಿದ ವೈರಿಂಗನ್ನು ಸುಮ್ಮನೆ ಎಳೆದು ಬಿಸಾಡಬೇಡಿ. ಅದರ ಒಂದು ತುದಿಗೆ ಗಟ್ಟಿ ದಾರ ಕಟ್ಟಿ ಇನ್ನೊಂದು ತುದಿಯಿಂದ ಎಳೆಯಿರಿ. ವೈರು ಹೊರಗೆ ಬರುತ್ತದೆ, ದಾರ ತಗಡಿನ ಒಳಗೆ ಅದೇ ದಾರಿಯಲ್ಲಿ ಉಳಿಯುತ್ತದೆ. ನಿಮ್ಮ ಕಾರಿನ ವೈರಿಂಗನ್ನು ಹಳೆಯ ಡೋರಿನಿಂದ ಮೇಲ್ಮುಖವಾಗಿ ಬಿಡಿಸಿಕೊಂಡು, ಕಪ್ಲರ್‌ಗಳನ್ನು ಒಂದರ ಹಿಂದೆ ಒಂದು ಬರುವಂತೆ ಟೇಪ್ ಸುತ್ತಿ ಸಣ್ಣ ಮಾಡಿ, ಹೊಸ ಡೋರ್ ಹಿಂಜಿಗೆ ಸಿಕ್ಕಿದ ಮೇಲೆ ಆ ದಾರದಿಂದ ಒಳಗೆಳೆಯಿರಿ. ಒಬ್ಬರು ಎಳೆಯಬೇಕು, ಇನ್ನೊಬ್ಬರು ಮೇಲಿನಿಂದ ಬಿಡುತ್ತಾ ಹೋಗಬೇಕು.

ಡೋರಿಗೂ ರೂಫಿಗೂ ನಡುವೆ ಸುಕ್ಕುಸುಕ್ಕಿನ ರಬ್ಬರ್ ಕೊಳವೆ ಇರುತ್ತದಲ್ಲ, ಅದನ್ನು ಹಿಂದಕ್ಕೆ ಸರಿಸಿ ಒಳಗಿನ ಒಂದೊಂದು ವೈರನ್ನೂ ಬೆರಳಿನಲ್ಲಿ ಬಾಗಿಸಿ ನೋಡಿ. ಹಿಂದಿನ ವೈಪರ್, ಲಾಕ್ ಆಗಾಗ ಕೈಕೊಡುವುದಕ್ಕೆ ಹೆಚ್ಚಿನ ಸಲ ಕಾರಣ ಅಲ್ಲೇ ಇರುತ್ತದೆ. ಹೊರಗಿನ ಪದರ ಬಿರಿದಿದ್ದರೆ, ಒಳಗೆ ತಾಮ್ರ ತುಂಡಾಗಿದ್ದರೆ ಈಗಲೇ ಸರಿಮಾಡಿ. ಮುರಿದ ಜಾಗದಲ್ಲೇ ಜೋಡಿಸದೆ, ಮೆತ್ತನೆಯ ಹೊಸ ವೈರು ತೆಗೆದುಕೊಂಡು ಜೋಡಣೆ ಕೊಳವೆಯ ಆಚೆ ಈಚೆ, ಬಾಗದ ಕಡೆ ಬರುವಂತೆ ಹಾಕಿ. ಕೊಳವೆಯ ಎರಡೂ ತುದಿ ತೂತಿನೊಳಗೆ ಸುತ್ತಲೂ ಕೂರಬೇಕು. ಒಂದು ಕಡೆ ತುಟಿ ಹೊರಗುಳಿದರೂ ಮಳೆ ನೀರು ರೂಫಿನ ಬಟ್ಟೆಗೆ ಇಳಿಯುತ್ತದೆ.

ಎರಡನೇಕೈ

ಮಧ್ಯದಲ್ಲಿ ಒಂದು ಪ್ರಶ್ನೆ. ನನಗೂ ಇದೇ ಕೆಲಸವಿದೆ. ಸಿಕ್ಕಿರುವ ಡೋರಿಗೆ ಗಾಜಿಲ್ಲ, ನನ್ನ ಹಳೆಯ ಡೋರಿನ ಗಾಜು ಚೆನ್ನಾಗಿದೆ. ಅದನ್ನೇ ಬಿಡಿಸಿ ಹಾಕಬಹುದಾ?

ಪಾನಾ13

ನಿಮ್ಮ ಕಾರು ಹಳೆಯದಾಗಿದ್ದು ಗಾಜು ರಬ್ಬರ್ ಪಟ್ಟಿಯಲ್ಲಿ ಕೂತಿದ್ದರೆ ಇಬ್ಬರು ಸೇರಿ ಮಾಡಬಹುದು. ಈಗಿನ ಕಾರುಗಳಲ್ಲಿ ಗಾಜನ್ನು ಪಾಲಿಯುರೆಥೇನ್ ಅಂಟಿನಿಂದ ತಗಡಿಗೆ ಅಂಟಿಸಿರುತ್ತಾರೆ. ಅದನ್ನು ತಂತಿ ಹಾಕಿ ಕೊಯ್ಯಬೇಕು. ಹಿಂದಿನ ಗಾಜು ಟೆಂಪರ್ಡ್, ಮಧ್ಯದಲ್ಲಿ ಎಷ್ಟೇ ಗಟ್ಟಿಯಾಗಿದ್ದರೂ ಅಂಚಿಗೆ ಸಣ್ಣ ಲೋಹ ತಾಗಿದರೆ ಇಡೀ ಗಾಜು ಕಾಳುಕಾಳಾಗಿ ಉದುರುತ್ತದೆ. ಮತ್ತೆ ಅಂಟಿಸುವಾಗ ಪ್ರೈಮರ್ ಬೇಕು, ಅಂಟು ಒಣಗುವವರೆಗೆ ಡೋರ್ ಬಡಿಯುವಂತಿಲ್ಲ. ಗಾಜು ಸಮೇತದ ಡೋರ್ ಹುಡುಕಿ, ಇಲ್ಲವಾದರೆ ಗಾಜಿನ ಕೆಲಸದವರಿಗೇ ಬಿಡಿ.

ಎರಡನೇಕೈ

ಅಂಟಿನದ್ದೇ. ಗಾಜು ಸಮೇತದ್ದೇ ಹುಡುಕುತ್ತೇನೆ.

ತಗಡುಕೆಲಸ

ನೀಲಿಹ್ಯಾಚ್, ಅಳತೆ ನೋಡಿ ಸಮಾಧಾನವಾಯಿತು. ಸ್ಟ್ರೈಕರಿನ ಕೆಳಗಿನ ತಗಡನ್ನು ಒಳಗಿನಿಂದ ಮರದ ತುಂಡಿಟ್ಟು ಸುತ್ತಿಗೆಯಲ್ಲಿ ನಿಧಾನವಾಗಿ ಹೊರಕ್ಕೆ ತನ್ನಿ, ಬಣ್ಣ ಎದ್ದ ಕಡೆ ಪ್ರೈಮರ್ ಬಳಿಯಿರಿ. ಇನ್ನು ಡೋರ್ ಇಳಿಸುವ ಕೆಲಸ.

ಗಾಜಿನ ಸಮೇತ ಸಣ್ಣ ಕಾರಿನ ಡೋರ್ ಸುಮಾರು 20ರಿಂದ 30 ಕೆಜಿ ತೂಗುತ್ತದೆ. ತೂಕಕ್ಕಿಂತ ಕಷ್ಟ ಅದರ ಆಕಾರ, ತಲೆಯ ಮಟ್ಟದಲ್ಲಿ ಹಿಡಿದು ಬೋಲ್ಟ್ ಬಿಚ್ಚಬೇಕು. ಇಬ್ಬರು ಡೋರ್ ಹಿಡಿಯಲು, ಮೂರನೆಯವರು ಬೋಲ್ಟಿಗೆ. ಹಿಡಿಯಲು ಒಬ್ಬರೇ ಸಿಕ್ಕರೆ ಆ ದಿನ ಈ ಕೆಲಸಕ್ಕೆ ಕೈ ಹಾಕಬೇಡಿ. ರೂಫಿನ ಹಿಂದಿನ ಅಂಚಿಗೂ ಎರಡೂ ಬದಿಯ ಕಂಬಕ್ಕೂ ಮಾಸ್ಕಿಂಗ್ ಟೇಪ್ ಎರಡು ಮೂರು ಪದರ ಹಚ್ಚಿ, ರೂಫಿನ ಮೇಲೆ ಕಂಬಳಿ ಹಾಸಿ. ಬಣ್ಣ ಕೆತ್ತಿಹೋಗುವುದು ಹೆಚ್ಚಾಗಿ ಹಿಂಜಿನ ಹತ್ತಿರದ ಆ ಅಂಚಿನಲ್ಲೇ.

ಹಿಂಜನ್ನು ಕಾರಿನ ಕಡೆಯಿಂದ ಬಿಚ್ಚಬೇಡಿ, ಡೋರಿನ ಕಡೆಯ ಬೋಲ್ಟು ಮಾತ್ರ ಬಿಚ್ಚಿ. ಬಿಚ್ಚುವ ಮೊದಲು ಹಿಂಜಿನ ಸುತ್ತ ಡೋರಿನ ತಗಡಿನ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದು ಅಳತೆ ಬರೆದಿಟ್ಟುಕೊಳ್ಳಿ. ಹೊಸ ಡೋರಿನಲ್ಲೂ ಅದೇ ಜಾಗದಿಂದ ಶುರು ಮಾಡಿದರೆ ಅರ್ಧ ಹೊಂದಾಣಿಕೆ ಮೊದಲೇ ಆಗಿರುತ್ತದೆ. ಹಿಂಜಿನ ಕೆಳಗೆ ಶಿಮ್, ಅಂದರೆ ಎತ್ತರ ಹೊಂದಿಸುವ ತೆಳು ತಗಡಿನ ಬಿಲ್ಲೆ, ಸಿಕ್ಕಿದರೆ ಯಾವ ಬದಿಯದು ಎಂದು ಬರೆದಿಡಿ.

ಹಳೇಗಾಡಿ

ನಾನು ಯಾವಾಗಲೂ ಹಿಂಜ್ ಸಮೇತ ಇಳಿಸುತ್ತಿದ್ದೆ. ನೆಲದ ಮೇಲಿಟ್ಟು ಹೊಸ ಡೋರಿಗೆ ಹಿಂಜ್ ಆರಾಮಾಗಿ ಕಟ್ಟಬಹುದಲ್ಲ?

ತಗಡುಕೆಲಸ

ಅಣ್ಣ, ನೀವು ಮಾಡಿದ ಕಾರುಗಳಲ್ಲಿ ಹಿಂಜಿನ ಬೋಲ್ಟು ಹೊರಗಿನಿಂದಲೇ ಸಿಗುತ್ತಿದ್ದಿರಬೇಕು. ಈಗಿನವುಗಳಲ್ಲಿ ನಟ್ಟು ರೂಫಿನ ಒಳಗೆ, ಬಟ್ಟೆಯ ಹಿಂದೆ ಇರುತ್ತದೆ. ಅದಕ್ಕಾಗಿ ರೂಫಿನ ಬಟ್ಟೆ ಬಗ್ಗಿಸಿದರೆ ಗೆರೆ ಬಿದ್ದದ್ದು ಹೋಗುವುದಿಲ್ಲ, ಪಕ್ಕದಲ್ಲಿ ಏರ್‌ಬ್ಯಾಗ್ ಬೇರೆ. ಇನ್ನೂ ಮುಖ್ಯವಾಗಿ, ಕಾರ್ಖಾನೆಯಲ್ಲಿ ಕೂರಿಸಿದ ಜಾಗದಿಂದ ಹಿಂಜ್ ಒಮ್ಮೆ ಕದಲಿದರೆ ಹೊಂದಿಸಲು ಎರಡು ಕಡೆಯ ಸಡಿಲ ಸೇರಿಕೊಳ್ಳುತ್ತದೆ. ಹಿಂಜೇ ಬಾಗಿದ್ದರೆ ಮಾತ್ರ ಅಲ್ಲಿ ಕೈ ಹಾಕಬೇಕು.

ಕೈಗವಸು

ಶಾಕರ್ ಬಗ್ಗೆ ಯಾರೂ ಬರೆದಿಲ್ಲ, ಗಾಯವಾಗುವುದು ಅಲ್ಲಿಯೇ. ಅದರೊಳಗೆ ನೈಟ್ರೋಜನ್ ಗ್ಯಾಸ್ ಭಾರಿ ಒತ್ತಡದಲ್ಲಿದೆ. ಡೋರಿಗೆ ಊರುಗೋಲು ಕೊಡದೆ ಶಾಕರ್ ಬಿಚ್ಚಿದರೆ ಇಡೀ ಡೋರ್ ತಲೆಯ ಮೇಲೆ ಬೀಳುತ್ತದೆ. ಒಂದನ್ನು ಬಿಚ್ಚಿದರೆ ಇನ್ನೊಂದು ತಡೆಯುತ್ತದೆ ಎಂದು ನಂಬಬೇಡಿ. ಹಿಡಿಯುವವರು ಕೈ ಕೊಟ್ಟ ಮೇಲೆಯೇ ಬಿಚ್ಚಿ.

ತುದಿಯ ಗುಂಡಿನ ಮೇಲೆ ಕೂತ ಬಟ್ಟಲಿಗೆ ಒಂದು ಸ್ಪ್ರಿಂಗ್ ಕ್ಲಿಪ್ ಇರುತ್ತದೆ. ಸಣ್ಣ ಚಪ್ಪಟೆ ಸ್ಕ್ರೂಡ್ರೈವರಿನಿಂದ ಅದನ್ನು ಕೆಲವೇ ಎಂಎಂ ಎತ್ತಿದರೆ ಸಾಕು, ಬಟ್ಟಲು ಹೊರಗೆ ಬರುತ್ತದೆ. ಕ್ಲಿಪ್ ಪೂರ್ತಿ ಕಿತ್ತರೆ ಹಾರಿಹೋಗುತ್ತದೆ. ಮತ್ತೆ ಹಾಕುವಾಗ ಡೋರ್ ಮುಚ್ಚಿದಾಗ ಹೊಳೆಯುವ ಸರಳು ಕೆಳಮುಖವಾಗಿರುವಂತೆ ಹಾಕಿ. ಒಳಗಿನ ಎಣ್ಣೆ ಸೀಲಿನ ಮೇಲೆ ನಿಂತು ಅದು ಒಣಗದಂತೆ ಕಾಪಾಡುತ್ತದೆ. ಸರಳಿಗೆ ಬಣ್ಣ ತಾಗಿದರೆ, ಇಕ್ಕಳದಿಂದ ಹಿಡಿದು ಗೀರಿದರೆ ಸೀಲ್ ಹರಿಯುತ್ತದೆ.

ಶಾಕರಿನ ಮೈಮೇಲೆ ಅದರ ಬಲ ನ್ಯೂಟನ್ ಲೆಕ್ಕದಲ್ಲಿ ಅಚ್ಚಾಗಿರುತ್ತದೆ, ಎರಡರಲ್ಲೂ ಒಂದೇ ಸಂಖ್ಯೆ ಇರಲಿ. ಸ್ಪಾಯ್ಲರ್ ಇರುವ ಡೋರಿಗೂ ಇಲ್ಲದ್ದಕ್ಕೂ ತೂಕ ಬೇರೆ, ಶಾಕರೂ ಬೇರೆ. ಚಳಿಯಲ್ಲಿ ಬಲ ಕುಗ್ಗುತ್ತದೆ, ಬೆಳಗಿನ ಜಾವ ಡೋರ್ ತಾನಾಗಿ ಇಳಿಯುತ್ತಿದ್ದರೆ ಜೋಡಿಯಾಗಿ ಬದಲಾಯಿಸಿ. ಹಳೆಯದನ್ನು ಕೊರೆಯುವುದು, ಬೆಂಕಿಗೆ ಹಾಕುವುದು ಯಾವತ್ತೂ ಬೇಡ.

ನೀಲಿಹ್ಯಾಚ್

ಎಲ್ಲರಿಗೂ ಧನ್ಯವಾದ. ಚಿಕ್ಕಪ್ಪನ ಮಗನನ್ನೂ ಕರೆದುಕೊಂಡು ಮೂವರಾದೆವು. ದಾರದ ಉಪಾಯದಿಂದ ವೈರಿಂಗ್ ಒಂದೇ ಎಳೆತಕ್ಕೆ ಇಳಿಯಿತು, ತಂತಿಜಾಲ ಅವರಿಗೆ ವಿಶೇಷ ಧನ್ಯವಾದ. ಕೊಳವೆಯೊಳಗೆ ಒಂದು ಕಂದು ವೈರಿನ ಮೇಲ್ಪದರ ಬಿರಿದಿತ್ತು, ಹೊಸ ತುಂಡು ಹಾಕಿದೆವು. ಹಳೆಯ ಡೋರಿನ ಲಾಕ್ ಸಿಲಿಂಡರನ್ನು ಹೊಸದಕ್ಕೆ ದಾಟಿಸಿದ್ದರಿಂದ ಅದೇ ಬೀಗದ ಕೈ ನಡೆಯುತ್ತದೆ.

ಡೋರ್ ಈಗ ಹಿಂಜಿನ ಮೇಲಿದೆ, ಬೋಲ್ಟ್ ಪೂರ್ತಿ ಬಿಗಿ ಮಾಡಿಲ್ಲ. ಮುಚ್ಚಿದರೆ ಎಡಗಡೆ ಸಂದು ಸಣ್ಣದು, ಬಲಗಡೆ ದೊಡ್ಡದು, ಲಾಕ್ ಸ್ಟ್ರೈಕರಿಗೆ ತಾಗಿ ಟಕ್ ಎನ್ನುತ್ತದೆ. ಸ್ಟ್ರೈಕರನ್ನು ಸರಿಸಿದರೆ ಸರಿಹೋಗುತ್ತದೆ ಎಂದು ತಮ್ಮ ಹೇಳುತ್ತಾನೆ.

ತಗಡುಕೆಲಸ

ಸ್ಟ್ರೈಕರನ್ನು ಈಗ ಮುಟ್ಟಬೇಡಿ, ಅಂದರೆ ಸರಿಸಬೇಡಿ. ಅದರ ಬದಲು ಸುತ್ತ ಗುರುತು ಹಾಕಿ ಪೂರ್ತಿ ಬಿಚ್ಚಿ ತೆಗೆದಿಡಿ. ಓರೆ ಕೂತ ಡೋರನ್ನು ಸ್ಟ್ರೈಕರಿನಿಂದ ಎಳೆದು ನೇರ ಮಾಡಿದರೆ ನೋಡಲು ಸರಿ ಕಾಣುತ್ತದೆ, ಆದರೆ ಹಿಂಜಿನ ಮೇಲೆ ಸದಾ ತಿರುಚುವ ಭಾರ ಉಳಿಯುತ್ತದೆ, ಬೀಡಿಂಗ್ ಒಂದು ಬದಿ ಸವೆಯುತ್ತದೆ. ಡೋರ್ ಯಾರೂ ಎಳೆಯದೆ ತಾನಾಗಿ ಚೌಕಟ್ಟಿನ ಮಧ್ಯೆ ಬಂದು ಕೂರಬೇಕು, ಆಮೇಲೆ ಸ್ಟ್ರೈಕರ್ ಅಲ್ಲಿಗೆ ಬರಬೇಕು.

ಡೋರಿನ ಕೆಳಮೂಲೆಗಳಲ್ಲಿ ತಿರುಗಿಸುವ ರಬ್ಬರ್ ಬುಷ್ ಇರುತ್ತವಲ್ಲ, ಅವನ್ನೂ ಪೂರ್ತಿ ಒಳಕ್ಕೆ ತಿರುಗಿಸಿ. ಹಿಂಜಿನ ಬೋಲ್ಟು ಡೋರ್ ಜಾರದಷ್ಟು, ಆದರೆ ಕೈಯಿಂದ ನೂಕಿದರೆ ಕದಲುವಷ್ಟು ಬಿಗಿ ಇರಲಿ. ಮೆಲ್ಲಗೆ ಮುಚ್ಚಿ. ರೂಫಿಗೂ ಡೋರಿಗೂ ನಡುವಿನ ಸಂದು, ಎರಡು ಬದಿಯ ಸಂದು, ಟೈಲ್ ಲ್ಯಾಂಪಿನ ಅಂಚು, ಈ ಕ್ರಮದಲ್ಲಿ ನೋಡಿ. ಹೆಚ್ಚಿನ ಕಾರುಗಳಲ್ಲಿ ಸಂದು 3ರಿಂದ 5 ಎಂಎಂ ಇರುತ್ತದೆ. ಆ ಸಂಖ್ಯೆಗಿಂತ ಮುಖ್ಯ ಎಡಬಲ ಸಮ ಇರುವುದು. ಅಳೆಯಲು ಒಂದೇ ದಪ್ಪದ ರಟ್ಟಿನ ತುಂಡುಗಳನ್ನು ಎರಡೂ ಬದಿಯಲ್ಲಿ ತೂರಿಸಿ ಹಿಡಿದು ನೋಡಿ.

ನಿಮ್ಮದರಲ್ಲಿ ಡೋರ್ ಎಡಕ್ಕೆ ಸರಿದಿದೆಯೋ, ಓರೆಯಾಗಿದೆಯೋ ಬೇರೆ ಮಾಡಿ ನೋಡಬೇಕು. ಸಂದು ಮೇಲಿನಿಂದ ಕೆಳಗಿನವರೆಗೂ ಒಂದೇ ಸಮ ದೊಡ್ಡದಿದ್ದರೆ ಎರಡೂ ಹಿಂಜಿನಲ್ಲಿ ಡೋರನ್ನು ಬಲಕ್ಕೆ ಸರಿಸಿ. ಕೆಳಗೆ ಹೋಗುತ್ತಾ ದೊಡ್ಡದಾದರೆ ಅದು ಓರೆ, ಒಂದು ಹಿಂಜಿನಲ್ಲಿ ಮಾತ್ರ ಮೇಲಕ್ಕೋ ಕೆಳಕ್ಕೋ ಸರಿಸಬೇಕು. ಒಂದು ಸಲಕ್ಕೆ ಒಂದೇ ಹಿಂಜ್. ಎರಡನ್ನೂ ಒಟ್ಟಿಗೆ ಸಡಿಲಿಸಿದರೆ ಎಲ್ಲಿದ್ದೆವು ಎಂಬುದೇ ತಪ್ಪಿಹೋಗುತ್ತದೆ. ಮೇಲಿನ ಅಂಚು ರೂಫಿಗಿಂತ ಉಬ್ಬಿದ್ದರೆ ಹಿಂಜಿನ ಶಿಮ್ ತೆಗೆಯಬೇಕು, ತಗ್ಗಿದ್ದರೆ ಹಾಕಬೇಕು.

ಸರಿ ಬಂದ ಮೇಲೆ ಬೋಲ್ಟನ್ನು ಆ ಕಾರಿನ ವರ್ಕ್‌ಶಾಪ್ ಮ್ಯಾನ್ಯುಯಲ್ ಹೇಳುವ ಟಾರ್ಕಿಗೆ, ಅಂದರೆ ತಿರುಚುವ ಬಲದ ಅಳತೆಗೆ, ಬಿಗಿ ಮಾಡಿ. ಸಾಮಾನ್ಯವಾಗಿ ಇವು 8 ಎಂಎಂ ಬೋಲ್ಟು, ತಲೆ 12 ಅಥವಾ 13ರ ಸಾಕೆಟ್. ಕೈಗೆ ಸಿಕ್ಕ ಉದ್ದದ ಪಾನಾ ಹಾಕಿ ತಿರುಚಿದರೆ ಡೋರಿನೊಳಗಿನ ನಟ್ಟು ಕಿತ್ತು ತಿರುಗತೊಡಗುತ್ತದೆ. ಆಮೇಲೆ ಸ್ಟ್ರೈಕರ್ ಹಾಕಿ, ಬೋಲ್ಟು ಅರೆಬಿಗಿ ಇಟ್ಟು ಡೋರ್ ಮೆಲ್ಲಗೆ ಒತ್ತಿ ಮುಚ್ಚಿ. ಲಾಕ್ ತನಗೆ ಬೇಕಾದ ಕಡೆ ಸ್ಟ್ರೈಕರನ್ನು ತಂದುಕೊಳ್ಳುತ್ತದೆ. ಮೆಲ್ಲಗೆ ತೆರೆದು ಬಿಗಿ ಮಾಡಿ. ಕೊನೆಯಲ್ಲಿ ರಬ್ಬರ್ ಬುಷ್ಷನ್ನು ಹೊರಕ್ಕೆ ತಿರುಗಿಸುತ್ತಾ, ಮುಚ್ಚಿದ ಡೋರನ್ನು ಅಂಗೈಯಿಂದ ತಟ್ಟಿದರೆ ಅಲುಗದಂತೆ ತನ್ನಿ. ಜಾಸ್ತಿ ತಿರುಗಿಸಿದರೆ ಮತ್ತೆ ಬಡಿಯಬೇಕಾಗುತ್ತದೆ.

ನೀಲಿಹ್ಯಾಚ್

ಅದು ಓರೆಯೇ ಆಗಿತ್ತು. ಎಡ ಹಿಂಜಿನಲ್ಲಿ ಚೂರು ಸರಿಸಿದ ಕೂಡಲೇ ಎರಡೂ ಬದಿ ಸಮ ಬಂತು. ಸ್ಟ್ರೈಕರ್ ತೆಗೆದಿಟ್ಟು ಮಾಡಿದ್ದರಿಂದಲೇ ಇದು ಕಾಣಿಸಿದ್ದು. ಈಗ ಎರಡು ಬೆರಳಿನಲ್ಲಿ ಒತ್ತಿದರೆ ಮುಚ್ಚುತ್ತದೆ. ವೈಪರ್, ಲೈಟು, ಲಾಕ್ ಎಲ್ಲ ಸರಿ. ಡಿಫಾಗರ್ ಹಾಕಿದರೆ ಮಾತ್ರ ಮಧ್ಯದ ಒಂದು ಗೆರೆಯ ಹತ್ತಿರ ಮಂಜು ಹಾಗೇ ಉಳಿಯುತ್ತದೆ.

ತಂತಿಜಾಲ

ಆ ಒಂದು ಗೆರೆ ಎಲ್ಲೋ ತುಂಡಾಗಿದೆ. ಇಂಜಿನ್ ಚಾಲೂ ಇಟ್ಟು ಡಿಫಾಗರ್ ಹಾಕಿ, ವೋಲ್ಟೇಜ್ ಅಳೆಯುವ ಮಲ್ಟಿಮೀಟರಿನ ಕಪ್ಪು ಕಡ್ಡಿಯನ್ನು ಕಾರಿನ ಬಾಡಿಯ ಲೋಹಕ್ಕೆ ಹಿಡಿದು ಕೆಂಪು ಕಡ್ಡಿಯನ್ನು ಗೆರೆಯ ಉದ್ದಕ್ಕೂ ಮುಟ್ಟಿಸುತ್ತಾ ಹೋಗಿ. ಕಡ್ಡಿಯ ತುದಿಗೆ ಅಲ್ಯೂಮಿನಿಯಂ ಫಾಯಿಲ್ ಸುತ್ತಿಕೊಂಡರೆ ಗೆರೆ ಕೆರೆಯುವುದಿಲ್ಲ. ಒಳ್ಳೆಯ ಗೆರೆಯಲ್ಲಿ ವೋಲ್ಟೇಜ್ ಒಂದು ತುದಿಯಿಂದ ಇನ್ನೊಂದಕ್ಕೆ ಕ್ರಮವಾಗಿ ಇಳಿಯುತ್ತದೆ, ನಡುವೆ ಅರ್ಧ ಇರುತ್ತದೆ. ತುಂಡಾದ ಗೆರೆಯಲ್ಲಿ ಒಂದು ಜಾಗದಲ್ಲಿ ಪೂರ್ತಿ ವೋಲ್ಟೇಜಿನಿಂದ ಸೊನ್ನೆಗೆ ಥಟ್ಟನೆ ಬೀಳುತ್ತದೆ. ಅಲ್ಲಿಗೆ ಬೆಳ್ಳಿ ಬೆರೆತ ಡಿಫಾಗರ್ ಪೇಂಟ್ ಹಚ್ಚಿ, ಆಚೀಚೆ ಟೇಪ್ ಹಾಕಿಕೊಂಡರೆ ಗೆರೆ ನೇರ ಬರುತ್ತದೆ. ಪೂರ್ತಿ ಒಣಗುವವರೆಗೆ ಸ್ವಿಚ್ ಹಾಕಬೇಡಿ.

ಮಳೆನೀರು

ಓಡಿಸಲು ಶುರು ಮಾಡುವ ಮೊದಲು ಬೀಡಿಂಗ್ ಪರೀಕ್ಷೆ ಮಾಡಿದಿರಾ? ಬೀಡಿಂಗಿನ ಮೇಲೆ ಸುತ್ತಲೂ ಸೀಮೆಸುಣ್ಣ ಬಳಿದು ಡೋರ್ ಮುಚ್ಚಿ ತೆರೆಯಿರಿ. ಡೋರಿನ ಒಳ ಅಂಚಿನಲ್ಲಿ ಬಿಳಿ ಗೆರೆ ಎಲ್ಲೂ ಕಡಿಯದೆ ಮೂಡಬೇಕು. ಆಮೇಲೆ ಒಬ್ಬರು ಡಿಕ್ಕಿಯೊಳಗೆ ಟಾರ್ಚ್ ಹಿಡಿದು ಕೂತು, ಇನ್ನೊಬ್ಬರು ಹೊರಗಿನಿಂದ ಪೈಪಿನಲ್ಲಿ ನೀರು ಬಿಡಿ. ಕೆಳಗಿನಿಂದ ಶುರು ಮಾಡಿ ನಿಧಾನವಾಗಿ ಮೇಲಕ್ಕೆ ಹೋಗಿ, ಇಲ್ಲದಿದ್ದರೆ ಮೇಲೆ ಹಾಕಿದ ನೀರು ಹರಿದು ಬಂದು ಸೋರುವ ಜಾಗ ಯಾವುದೆಂದು ತಿಳಿಯುವುದಿಲ್ಲ. ಟೈಲ್ ಲ್ಯಾಂಪಿನ ಹಿಂದಿನ ಸ್ಪಂಜು, ವೈಪರ್ ದಂಡದ ರಬ್ಬರ್, ಮೇಲಿನ ಬ್ರೇಕ್ ಲೈಟಿನ ಗ್ಯಾಸ್ಕೆಟ್ ಇವನ್ನೂ ನೋಡಿ. ನೀರು ಬರುವ ದಾರಿಯಲ್ಲಿ ಹೊಗೆಯೂ ಬರುತ್ತದೆ.

ನೀಲಿಹ್ಯಾಚ್

ಸೀಮೆಸುಣ್ಣದ ಗೆರೆ ಕೆಳಗಿನ ಬಲಮೂಲೆಯಲ್ಲಿ ಒಂದು ಗೇಣು ಉದ್ದ ಕಡಿದಿತ್ತು. ಏಟು ಬಿದ್ದ ದಿನದಿಂದ ಆ ಕಡೆಯ ಬೀಡಿಂಗ್ ಚಪ್ಪಟೆಯಾಗಿಯೇ ಉಳಿದಿದೆ, ಒಳಗಿನ ಲೋಹದ ಪಟ್ಟಿ ಮಡಚಿದೆ. ಹೊಸ ಬೀಡಿಂಗ್ ತಂದು ಹಾಕಿದೆವು. ಈಗ ಗೆರೆ ಪೂರ್ತಿ ಮೂಡುತ್ತದೆ, ನೀರು ಒಂದು ಹನಿಯೂ ಬರಲಿಲ್ಲ.

ಬಣ್ಣದ ಕೋಡ್ ಒಂದೇ ಆದರೂ ಹೊಸ ಡೋರ್ ಸ್ವಲ್ಪ ಗಾಢ ಕಾಣುತ್ತದೆ. ಇದಕ್ಕೇನು?

ಪಾನಾ13

ಎರಡು ಕಾರು ಬೇರೆ ಬೇರೆ ಬಿಸಿಲಿನಲ್ಲಿ ನಿಂತಿರುತ್ತವೆ. ಮೊದಲು ಇಡೀ ಕಾರಿಗೆ ಒಮ್ಮೆ ರಬ್ಬಿಂಗ್ ಪಾಲಿಶ್ ಹೊಡೆದು ನೋಡಿ, ಹಳೆಯ ಬಣ್ಣದ ಮೇಲಿನ ಮಬ್ಬು ಹೋದರೆ ಅಂತರ ಬಹಳ ಕಡಿಮೆಯಾಗುತ್ತದೆ. ಆಮೇಲೂ ಕಣ್ಣಿಗೆ ಚುಚ್ಚಿದರೆ ಮಾತ್ರ ಪೇಂಟರ್ ಹತ್ತಿರ ಹೋಗಿ. ಮೆಟಾಲಿಕ್ ಬಣ್ಣವಾದರೆ ಪಕ್ಕದ ತಗಡಿನ ಮೇಲೂ ತೆಳುವಾಗಿ ಬೆರೆಸಿ ಹೊಡೆಯಲು ಹೇಳಬೇಕಾಗುತ್ತದೆ.

ಒಳ ಹಲಗೆ ಹಾಕುವ ಮೊದಲು ಡೋರಿನ ಕೆಳಗಿನ ಮಡಿಕೆಯೊಳಗೆ ತುಕ್ಕು ತಡೆಯುವ ಕ್ಯಾವಿಟಿ ವ್ಯಾಕ್ಸ್ ಸಿಂಪಡಿಸಿ. ಅಂಚಿನಲ್ಲಿರುವ ನೀರು ಇಳಿಯುವ ಸಣ್ಣ ತೂತುಗಳು ವ್ಯಾಕ್ಸ್‌ನಿಂದ ಮುಚ್ಚಿಹೋಗದಂತೆ ಕಡ್ಡಿ ಆಡಿಸಿ ಬಿಡಿಸಿ.

ನೀಲಿಹ್ಯಾಚ್

ಹಲಗೆ ಇನ್ನೂ ಹಾಕಿಲ್ಲ, ನಾಳೆ ವ್ಯಾಕ್ಸ್ ಹೊಡೆದು ಹಾಕುತ್ತೇವೆ.

ಎರಡನೇಕೈ

ನೀಲಿಹ್ಯಾಚ್ ಅವರೇ, ಕೊಳವೆಯೊಳಗೆ ಹಾಕಿದ ಹೊಸ ವೈರನ್ನು ಹೇಗೆ ಜೋಡಿಸಿದಿರಿ, ಬೆಸುಗೆಯೋ, ಲೋಹದ ತುಂಡನ್ನು ಒತ್ತಿ ಹಿಡಿಸುವ ಕ್ರಿಂಪೋ?

ನೀಲಿಹ್ಯಾಚ್

ಕ್ರಿಂಪ್ ಮಾಡಿ ಮೇಲೆ ಬಿಸಿಗೆ ಕುಗ್ಗಿ ಬಿಗಿಯಾಗುವ ಹೀಟ್ ಶ್ರಿಂಕ್ ಕೊಳವೆ ಹಾಕಿದೆವು. ಬೆಸುಗೆ ಹಾಕಿದರೆ ಅದರ ಅಂಚಿನಲ್ಲಿ ವೈರು ಗಡುಸಾಗಿ ಅಲುಗಾಟಕ್ಕೆ ಮುರಿಯುತ್ತದೆಂದು ತಮ್ಮ ಓದಿದ್ದ. ಜೋಡಣೆ ಒಂದು ಡೋರಿನ ಒಳಗೆ, ಇನ್ನೊಂದು ರೂಫಿನ ಒಳಗೆ ಬಂದಿದೆ.